ಹಾಯಿ ಹಡಗಿಗೆ ಹೊಸಬರು

ಸಾಗರ ದಾಟುವ ಹಾಯಿ ಹಡಗಿನಲ್ಲಿ ಹೊಸಬರಿಗೂ ಜಾಗವಿದೆ. ಹಗ್ಗ ಎಳೆಯಲು, ಚುಕ್ಕಾಣಿ ಹಿಡಿಯಲು, ರಾತ್ರಿ ಕಾವಲಿರಲು, ಅಡುಗೆ ಮಾಡಲು ಕೈಗಳು ಬೇಕೇ ಬೇಕು. ಈ ಕೆಲಸಗಳನ್ನು ಕಡಲಿನಲ್ಲಿಯೇ ಕಲಿಯಬೇಕಾದ್ದರಿಂದ ನೌಕಾಪಡೆಗಳೂ ಖಾಸಗಿ ಸಂಸ್ಥೆಗಳೂ ಕಲಿಯುವವರನ್ನು ಕೂಡಿಸಿಕೊಂಡೇ ಯಾನ ಹೊರಡುತ್ತವೆ.

ಕಲಿತು ಕಡಲು ದಾಟಿದವರು

ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿದ ಮೊದಲ ಭಾರತೀಯರು ಕಡಲ ಕಸುಬಿನವರಲ್ಲ, ಭೂಸೇನೆಯ ಎಂಜಿನಿಯರ್ ದಳದವರು. 1985ರಲ್ಲಿ 'ತೃಷ್ಣಾ' ದೋಣಿಯಲ್ಲಿ ಹೊರಟ ಅವರು 1987ರ ಜನವರಿಯಲ್ಲಿ ಮುಂಬೈ ತಲುಪಿದರು. ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 'ತಾರಿಣಿ'ಯಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವಾ ಬಿಟ್ಟು, ಸುಮಾರು 21,600 ನಾಟಿಕಲ್ ಮೈಲಿ ಕ್ರಮಿಸಿ, 2018ರ ಮೇ 21ರಂದು ಮರಳಿದರು. ಅವರನ್ನು ಪಳಗಿಸಿದವರು, ಒಬ್ಬಂಟಿಯಾಗಿ ಭೂಮಿ ಸುತ್ತಿದ ಮೊದಲ ಭಾರತೀಯ ಕ್ಯಾಪ್ಟನ್ ದಿಲೀಪ್ ದೋಂದೆ. ದೊಡ್ಡ ಯಾನಕ್ಕೆ ಮುನ್ನ ಮಾರಿಷಸ್‌ವರೆಗೆ ಹೋಗಿಬಂದದ್ದೂ ಆ ತರಬೇತಿಯ ಭಾಗವಾಗಿತ್ತು.

ಎಳೆಯ ನೌಕಾ ಅಧಿಕಾರಿಗಳಿಗೆ ಇಂಥ ಪಾಠ ಹೇಳಲೆಂದೇ ಕೊಚ್ಚಿಯಲ್ಲಿ 'ತರಂಗಿಣಿ' ಇದೆ. ಮೂರು ಕೂವೆಮರ, 20 ಹಾಯಿಗಳ ಈ ಹಡಗು ಗೋವಾ ಶಿಪ್‌ಯಾರ್ಡ್‌ನಲ್ಲಿ ಸಿದ್ಧವಾಗಿ 1997ರಲ್ಲಿ ಸೇವೆಗೆ ಬಂತು. ಕರ್ನಾಟಕಕ್ಕೆ ಇನ್ನೂ ಹತ್ತಿರದ್ದು 'ಕೌಂಡಿನ್ಯ'. ಅಜಂತಾದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಈ ಹಡಗನ್ನು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿಸಲಾಯಿತು. ಅದೇ ವರ್ಷ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಅದು 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು.

ಹಣ ತೆತ್ತು ಸೇರುವ ದಾರಿಯೂ ಇದೆ. ಎಲ್ಲೂ ನಿಲ್ಲದೆ ಒಬ್ಬಂಟಿಯಾಗಿ ಭೂಮಿ ಸುತ್ತಿದ ಮೊದಲಿಗ ರಾಬಿನ್ ನಾಕ್ಸ್ ಜಾನ್‌ಸ್ಟನ್. 1969ರಲ್ಲಿ ಆ ಯಾನ ಮುಗಿಸಿದ ಅವರ ದೋಣಿ 'ಸುಹೈಲಿ' ಮುಂಬೈಯಲ್ಲಿ ಕಟ್ಟಿದ್ದು. ಅವರೇ ಆರಂಭಿಸಿದ ಕ್ಲಿಪ್ಪರ್ ಸ್ಪರ್ಧೆಗೆ ಹಾಯಿದೋಣಿ ಹತ್ತಿಯೇ ಇಲ್ಲದವರೂ ಸೇರುತ್ತಾರೆ. ನಾಲ್ಕು ಹಂತದ ತರಬೇತಿ ಮಾತ್ರ ಕಡ್ಡಾಯ.

ಮೈಸೂರಿನಿಂದ ದಾರಿ

ಮೈಸೂರಿನ ಬನ್ನಿಮಂಟಪದಿಂದ ಮಂಗಳೂರಿನ ಬಂದರಿಗೆ ರಸ್ತೆಯಲ್ಲಿ ಸುಮಾರು 250 ಕಿಲೋಮೀಟರ್. ಆದರೆ ಹಾಯಿ ಕಲಿಯುವ ನೀರು ಅಷ್ಟು ದೂರವಿಲ್ಲ. ಕೆಆರ್‌ಎಸ್ ಅಣೆಕಟ್ಟು ಇಲ್ಲಿಂದ 20 ಕಿಲೋಮೀಟರ್ ಒಳಗಿದೆ. ಅದರ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೈಲಿಂಗ್ ಕ್ಲಬ್ ಹಾಯಿದೋಣಿ ಕಲಿಸುತ್ತದೆ. ಮಕ್ಕಳು ಶುರು ಮಾಡುವುದು ಒಬ್ಬರೇ ಕೂರುವ, 2.3 ಮೀಟರ್ ಉದ್ದದ ಆಪ್ಟಿಮಿಸ್ಟ್ ದೋಣಿಯಲ್ಲಿ. ಗಾಳಿಗೆ ನೇರ ಎದುರಾಗಿ ಯಾವ ಹಾಯಿಯೂ ಸಾಗದು. ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸಾಗಿಯೇ ಮುಂದೆ ಹೋಗಬೇಕು. ಈ ಪಾಠ ಹಿನ್ನೀರಿನಲ್ಲಾದರೂ ಹಿಂದೂ ಮಹಾಸಾಗರದಲ್ಲಾದರೂ ಒಂದೇ.

ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಸಿಸಿಯ ನೌಕಾ ವಿಭಾಗ ಇನ್ನೊಂದು ಬಾಗಿಲು. ಹುಟ್ಟು ಮತ್ತು ಹಾಯಿ ಎರಡರಿಂದಲೂ ನಡೆಯುವ ವೇಲರ್ ದೋಣಿಗಳಲ್ಲಿ ಕೆಡೆಟ್‌ಗಳು ತಂಡವಾಗಿ ದುಡಿಯುವುದನ್ನು ಕಲಿಯುತ್ತಾರೆ.

ಹಡಗಿನ ಮೇಲೆ

ಯಾನದ ದಿನಚರಿ ಸೂರ್ಯನನ್ನು ನೋಡಿ ನಡೆಯುವುದಿಲ್ಲ, ಪಾಳಿ ನೋಡಿ ನಡೆಯುತ್ತದೆ. ನಾಲ್ಕು ಗಂಟೆ ಕೆಲಸ, ನಾಲ್ಕು ಗಂಟೆ ವಿಶ್ರಾಂತಿ ಎಂಬುದು ಹಳೆಯ ಪದ್ಧತಿ. ಜನ ಹೆಚ್ಚಿದ್ದರೆ ಬಿಡುವೂ ಹೆಚ್ಚುತ್ತದೆ. ಪಾಳಿಗೆ ಒಂದು ನಿಮಿಷ ತಡವಾದರೂ ಆ ನಿದ್ದೆ ಮತ್ತೊಬ್ಬರ ಪಾಲಿನದು. ಆದ್ದರಿಂದ ಸಮಯ ಪಾಲನೆಯೇ ಹೊಸಬರ ಮೊದಲ ಪರೀಕ್ಷೆ.

ಎರಡನೆಯದು ಹಗ್ಗದ ಕೆಲಸ. ಹಾಯಿಯ ಹಗ್ಗವನ್ನು ವಿಂಚ್ ಎಂಬ ಉರುಳೆಗೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎರಡು ಮೂರು ಸುತ್ತು ಹಾಕಿ, ಹಿಡಿಕೆ ತಿರುಗಿಸಿ ಬಿಗಿಯುತ್ತಾರೆ. ಗಾಳಿ ತುಂಬಿದ ಹಾಯಿಯ ಜಗ್ಗುವಿಕೆ ಎಷ್ಟು ಬಲವಾದದ್ದೆಂದರೆ, ಹಗ್ಗಕ್ಕೂ ಉರುಳೆಗೂ ನಡುವೆ ಸಿಕ್ಕ ಬೆರಳು ಜಜ್ಜಿಹೋಗುತ್ತದೆ. ಕೈ ಯಾವಾಗಲೂ ಉರುಳೆಯಿಂದ ಒಂದು ಗೇಣು ದೂರವಿರಬೇಕು.

ಮೂರನೆಯದು ಸುರಕ್ಷತೆ. ರಾತ್ರಿ ಮೇಲಕ್ಕೆ ಬರುವವರು, ಮೆಟ್ಟಿಲ ಮೇಲಿರುವಾಗಲೇ ಎದೆಪಟ್ಟಿಯ ಕೊಂಡಿಯನ್ನು ಮೇಲಿನ ಬಳೆಗೆ ಸಿಕ್ಕಿಸಿಕೊಳ್ಳಬೇಕು. ಮುಂದೆ ಸರಿಯುವಾಗ ಎರಡನೇ ಕೊಂಡಿ ಸಿಕ್ಕಿಸಿದ ಮೇಲೆಯೇ ಮೊದಲನೆಯದನ್ನು ಬಿಚ್ಚಬೇಕು. ಕತ್ತಲ ಅಲೆಗಳ ನಡುವೆ ಬಿದ್ದವರ ತಲೆ ಕ್ಷಣಮಾತ್ರದಲ್ಲಿ ಕಣ್ಮರೆಯಾಗುತ್ತದೆ. ಹಾಯಿ ಹಡಗನ್ನು ಥಟ್ಟನೆ ನಿಲ್ಲಿಸಲೂ ಆಗದು.

ಕಡಲ ಕಾಯಿಲೆ ಅನುಭವಿಗಳನ್ನೂ ಬಿಡದು. ಸಾಮಾನ್ಯವಾಗಿ ಮೊದಲ ಎರಡು ಮೂರು ದಿನ ಕಾಡಿ ಇಳಿಯುತ್ತದೆ. ಹೊರಡುವ ಮೊದಲೇ ಮಾತ್ರೆ, ಸ್ವಲ್ಪ ಸ್ವಲ್ಪ ಆಹಾರ, ನೀರು, ದಿಗಂತದ ಮೇಲೆ ದೃಷ್ಟಿ ಇವು ನೆರವಾಗುತ್ತವೆ. ಸಿಹಿನೀರು ಲೆಕ್ಕದಲ್ಲಿ ಸಿಗುವುದರಿಂದ ಪಾತ್ರೆ ತೊಳೆಯಲು ಹೆಚ್ಚಾಗಿ ಉಪ್ಪುನೀರೇ ಗತಿ.

ಕಾಲ ನೋಡಿ ಹೊರಡಬೇಕು

ಮಳೆಗಾಲದ ಅರಬ್ಬಿ ಸಮುದ್ರ ಸಣ್ಣ ಹಾಯಿದೋಣಿಗೆ ತಕ್ಕದ್ದಲ್ಲ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿ ಪಶ್ಚಿಮದ ಯಾನಕ್ಕೆ ಅನುಕೂಲ. ಕೌಂಡಿನ್ಯ ಡಿಸೆಂಬರಿನಲ್ಲಿ ಹೊರಟದ್ದು ಈ ಕಾಲದಲ್ಲೇ. ತಾರಿಣಿ ಕೇಪ್ ಹಾರ್ನ್ ದಾಟಿದ್ದು 2018ರ ಜನವರಿಯಲ್ಲಿ, ದಕ್ಷಿಣ ಗೋಳಾರ್ಧದ ಬೇಸಿಗೆಯಲ್ಲಿ.

ಈಜು, ಆರೋಗ್ಯ, ಹೇಳಿದ್ದನ್ನು ಕೇಳಿ ಮಾಡುವ ತಾಳ್ಮೆ, ಇಷ್ಟಿದ್ದರೆ ಉಳಿದದ್ದನ್ನು ಕಡಲು ಕಲಿಸುತ್ತದೆ. ಕಡಲ ತೀರದಲ್ಲಿ ಹುಟ್ಟಿರಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಮಕ್ಕಳಿಗೆ ಆಸೆಯಿದ್ದರೆ ಮೈಸೂರಿನ ತಂದೆ ತಾಯಂದಿರು ಮೊದಲು ಈಜು ಕಲಿಸಲಿ, ಆಮೇಲೆ ಒಂದು ಭಾನುವಾರ ಕೆಆರ್‌ಎಸ್ ಹಿನ್ನೀರಿಗೆ ಕರೆದೊಯ್ಯಲಿ.