ರಂಜಾನ್ ಉಪವಾಸ: ಸಂಯಮ, ವಿನಾಯಿತಿ ಮತ್ತು ದಾನ

ರಂಜಾನ್ ತಿಂಗಳ ವ್ರತವನ್ನು ಕನ್ನಡದಲ್ಲಿ ಉಪವಾಸವೆಂದು ಕರೆಯುವುದು ರೂಢಿ. ಕರ್ನಾಟಕದ ಮುಸ್ಲಿಮರಲ್ಲಿ ಬಳಕೆಯಲ್ಲಿರುವ 'ರೋಜಾ' ಎಂಬುದು 'ದಿನ' ಎಂಬರ್ಥದ ಪಾರಸಿ ಮೂಲದಿಂದ ಬಂದುದು. ಅರಬ್ಬಿಯ 'ಸೌಮ್' ಎಂದರೆ ತನ್ನನ್ನು ತಾನು ತಡೆದುಕೊಳ್ಳುವುದು. ಈ ಮೂಲಾರ್ಥದಲ್ಲಿಯೇ ಆಚರಣೆಯ ತಿರುಳಿದೆ. ಹಿಜರಿ 2ರಲ್ಲಿ (ಕ್ರಿ.ಶ. 624) ಮದೀನದಲ್ಲಿ ಕಡ್ಡಾಯಗೊಂಡ ಈ ವ್ರತದ ನಿಯಮಗಳು ಕುರ್‌ಆನಿನ 2ನೆಯ ಅಧ್ಯಾಯದಲ್ಲಿ (183-187) ನಿರೂಪಿತವಾಗಿವೆ. ಅರುಣೋದಯದಿಂದ ಸೂರ್ಯಾಸ್ತದವರೆಗೆ ಅನ್ನ, ನೀರು, ದಾಂಪತ್ಯಸುಖಗಳ ವರ್ಜನೆ ಅದರ ಹೊರರೂಪ; 'ನಿಯ್ಯತ್', ಅಂದರೆ ಸಂಕಲ್ಪ, ಅದರ ಒಳಜೀವ. ಸಂಕಲ್ಪವಿಲ್ಲದ ಹಸಿವು ವ್ರತವೆನಿಸದು. ಸುಳ್ಳನ್ನು ಬಿಡದವನ ಹಸಿವಿಗೆ ಬೆಲೆಯಿಲ್ಲವೆಂಬುದು ಹದೀಸಿನ ನಿಲುವು.

ಹಿಜರಿ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆದ್ದರಿಂದ ರಂಜಾನ್ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಬೇಸಿಗೆಯ ಬಾಯಾರಿಕೆಯಾಗಲಿ ಚಳಿಗಾಲದ ಸೌಲಭ್ಯವಾಗಲಿ ವ್ರತಿಗೆ ಶಾಶ್ವತವಲ್ಲ.

ಆದರೆ ದೇಹದಂಡನೆ ಇಲ್ಲಿಯ ಉದ್ದೇಶವಲ್ಲ. ರೋಗಿಗಳೂ ಪ್ರಯಾಣಿಕರೂ ಬಿಟ್ಟುಹೋದ ದಿನಗಳನ್ನು ಮುಂದೆ ಪೂರೈಸಬಹುದು. ಮುಪ್ಪಿನಿಂದಲೋ ಗುಣವಾಗದ ಕಾಯಿಲೆಯಿಂದಲೋ ಅಶಕ್ತರಾದವರು ಬಿಟ್ಟ ಪ್ರತಿ ದಿನಕ್ಕೂ ಒಬ್ಬ ಬಡವನಿಗೆ ಉಣಬಡಿಸಬೇಕು, ಇದು 'ಫಿದ್ಯ'. ಅನುಕೂಲವುಳ್ಳವರು ಹಬ್ಬದ ನಮಾಜಿಗೆ ಮುನ್ನ ಮನೆಮಂದಿಯೆಲ್ಲರ ಪರವಾಗಿ 'ಫಿತ್ರ' ದಾನ ನೀಡಬೇಕು. ಹೀಗೆ ಉಣ್ಣದಿರಬಲ್ಲವನ ಸಂಯಮವೂ ಉಣ್ಣದಿರಲಾರದವನ ಅಸಹಾಯಕತೆಯೂ ಕೊನೆಗೆ ಬಡವನ ಊಟವಾಗಿ ಪರಿಣಮಿಸುತ್ತವೆ. ಹಸಿವಿನಿಂದಷ್ಟೇ ಈ ವ್ರತವನ್ನು ಅಳೆಯುವ ಅಧ್ಯಯನವು ಅದರ ಅರ್ಧವನ್ನು ಕಾಣದೆ ಹೋಗುತ್ತದೆ.