ಸ್ಪೀಕರ್ ಸುಟ್ಟಿತು, ತಪ್ಪು ರಿಸೀವರ್‌ನದು

ಅಕ್ಕನ ಮದುವೆಗೆ ನೆಂಟರೆಲ್ಲ ಸೇರಿದ್ದಾಗ, ದಾದಾ ಕಾಲದ ಎರಡು ಮರದ ಸ್ಪೀಕರ್‌ಗಳಿಗೆ ಹೊಸ ರಿಸೀವರ್ ಜೋಡಿಸಿದೆವು. ಅದರ ಡಬ್ಬದ ಮೇಲೆ ‘4000 ವ್ಯಾಟ್ ಪಿಎಂಪಿಒ’ ಎಂದು ದಪ್ಪಕ್ಷರದಲ್ಲಿತ್ತು. ವಾಲ್ಯೂಮ್ ಮುಕ್ಕಾಲು ಭಾಗ ತಿರುಗಿಸಿದಾಗ ಹಾಡು ಒಡೆದು ಕರಕರ ಎನ್ನತೊಡಗಿತು. ಅರ್ಧ ಗಂಟೆಯಲ್ಲಿ ಒಂದು ಟ್ವೀಟರ್ ಸುಟ್ಟುಹೋಯಿತು. “ಹಳೇ ಸ್ಪೀಕರ್, ಅಷ್ಟು ಪವರ್ ತಡೆಯಲಿಲ್ಲ, ಗುಜರಿಗೆ ಹಾಕಿಬಿಡೋಣ” ಎಂದರು ಅಬ್ಬಾ. ದಾದಿ ಒಪ್ಪಲಿಲ್ಲ. ರಿಪೇರಿ ಅಂಗಡಿಯವರು ಬಿಚ್ಚಿ ನೋಡಿ, “ಪವರ್ ಜಾಸ್ತಿಯಾಗಿ ಅಲ್ಲ, ಸಾಲದೆ ಸುಟ್ಟಿದೆ” ಎಂದರು. ಅದು ಹೇಗೆ ಎಂದು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ರಿಸೀವರ್ ಎಂದರೆ ರೇಡಿಯೊ ಟ್ಯೂನರ್ ಮತ್ತು ಆಂಪ್ಲಿಫೈಯರ್ ಎರಡೂ ಇರುವ ಒಂದೇ ಪೆಟ್ಟಿಗೆ. ಮೊಬೈಲ್ ಅಥವಾ ರೇಡಿಯೊದಿಂದ ಬರುವ ಸಣ್ಣ ವಿದ್ಯುತ್ ಸಂಕೇತವನ್ನು ಅದು ಸ್ಪೀಕರ್ ಅಲುಗಾಡಿಸುವಷ್ಟು ದೊಡ್ಡದು ಮಾಡುತ್ತದೆ. ಆಕಾರ ಬದಲಿಸದೆ ದೊಡ್ಡದು ಮಾಡುವುದೇ ಅದರ ಕೆಲಸ. ಶಕ್ತಿ ಮುಗಿದ ಮೇಲೂ ವಾಲ್ಯೂಮ್ ಏರಿಸಿದರೆ ಅಲೆಯ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಆಗ ಹಾಡಿನಲ್ಲೇ ಇಲ್ಲದ ತೀಕ್ಷ್ಣ ಧ್ವನಿಗಳು ಹುಟ್ಟಿ ಟ್ವೀಟರ್‌ಗೆ ಹೋಗುತ್ತವೆ. ಅದರ ಸುರುಳಿಯ ತಂತಿ ಕೂದಲಿನಂತೆ ತೆಳು. ಬಿಸಿ ತಡೆಯದೆ ಸುಡುತ್ತದೆ.

ಹಾಗಾದರೆ 4000 ವ್ಯಾಟ್ ಎಲ್ಲಿ ಹೋಯಿತು? ರಿಸೀವರ್ ತಿರುಗಿಸಿ ನೋಡಿದೆ. ಹಿಂದಿನ ಚೀಟಿಯಲ್ಲಿ ಅದು ಬಳಸುವ ವಿದ್ಯುತ್ 40 ವ್ಯಾಟ್ ಎಂದಿತ್ತು! ಕಾಮರ್ಸ್ ಓದುವ ನಮಗೆ ಇದು ಬೇಗ ತಿಳಿಯಬೇಕು: 40 ರೂಪಾಯಿ ಆದಾಯದಲ್ಲಿ ದಿನವೂ 4000 ರೂಪಾಯಿ ಖರ್ಚು ಮಾಡಲಾಗದು. ಪಿಎಂಪಿಒ ಜಾಹೀರಾತಿನ ಅಂಕಿ. ಸತತವಾಗಿ ಕೊಡಬಲ್ಲ ಶಕ್ತಿಯನ್ನು ‘ಆರ್‌ಎಂಎಸ್’ ಎಂದು ಬರೆಯುತ್ತಾರೆ. ನೋಡಬೇಕಾದದ್ದು ಅದನ್ನು. ಇಂಥ ದೊಡ್ಡ ಅಂಕಿಗಳ ಮೋಸ ತಡೆಯಲು ಅಮೆರಿಕದಲ್ಲಿ 1974ರಲ್ಲೇ ನಿಯಮ ಬಂತು.

ಎರಡನೆಯದು ಓಮ್. ಸ್ಪೀಕರ್ ಹಿಂದೆ 8, 6 ಅಥವಾ 4 ಓಮ್ ಎಂದಿರುತ್ತದೆ. 20 ವೋಲ್ಟ್ ಕೊಟ್ಟರೆ 8 ಓಮ್ ಸ್ಪೀಕರ್ 2.5 ಆಂಪಿಯರ್ ಎಳೆಯುತ್ತದೆ, 4 ಓಮ್‌ನದು 5 ಆಂಪಿಯರ್. ಕರೆಂಟ್ ಇಮ್ಮಡಿ. 8 ಓಮ್‌ಗೆಂದು ಮಾಡಿದ ರಿಸೀವರ್‌ಗೆ 4 ಓಮ್ ಹಾಕಿದರೆ ಅದು ಕಾಯುತ್ತದೆ, ಕೆಲವೊಮ್ಮೆ ತಾನೇ ಬಂದ್ ಆಗುತ್ತದೆ.

ಹಾಗೆಂದು ವ್ಯಾಟ್ ಹಿಂದೆ ಓಡಬೇಕಿಲ್ಲ. 50 ವ್ಯಾಟ್ 100 ಆದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ಸದ್ದು ಎರಡರಷ್ಟು ಅನಿಸಲು ಸುಮಾರು 10 ಡೆಸಿಬಲ್, ಅಂದರೆ 10 ಪಟ್ಟು ಶಕ್ತಿ ಬೇಕು. ಅದರ ಬದಲು 87 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರ್ ಬಿಟ್ಟು 90ರದ್ದು ತಂದರೆ ಅರ್ಧ ಶಕ್ತಿಯಲ್ಲೇ ಅಷ್ಟೇ ಸದ್ದು ಬರುತ್ತದೆ. ತನ್ನ ಮಿತಿಯೊಳಗೆ ದುಡಿಯುವ ಎರಡು ಒಳ್ಳೆಯ ರಿಸೀವರ್‌ಗಳ ವ್ಯತ್ಯಾಸ ಕಿವಿಗೆ ಸಿಗುವುದು ಕಷ್ಟ. ಸ್ಪೀಕರ್ ಮತ್ತು ಕೋಣೆಯ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಆದ್ದರಿಂದ ಹಣ ಕಡಿಮೆಯಿದ್ದರೆ ಹೆಚ್ಚು ಪಾಲು ಸ್ಪೀಕರ್‌ಗೆ ಇಡಿ. ರಿಸೀವರ್ ಸಾಕಷ್ಟು ಶಕ್ತಿಯದಾಗಿದ್ದು ಓಮ್ ಹೊಂದಿದರೆ ಆಯಿತು.

ಕೊನೆಗೊಂದು ಖರ್ಚಿಲ್ಲದ ಕೆಲಸ: ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೇ ಇದೆಯೇ ನೋಡಿ. ಒಂದು ಸ್ಪೀಕರ್‌ನಲ್ಲಿ ಅದಲುಬದಲಾದರೂ ಬೇಸ್ ಸಪ್ಪೆಯಾಗುತ್ತದೆ. ಸದ್ದು ಒಡೆದರೆ ಕೂಡಲೇ ವಾಲ್ಯೂಮ್ ಇಳಿಸಿ.

ನಮ್ಮ ಸ್ಪೀಕರ್‌ಗೆ 250 ರೂಪಾಯಿಯ ಹೊಸ ಟ್ವೀಟರ್ ಬಂತು. 4000 ವ್ಯಾಟ್‌ನ ಪೆಟ್ಟಿಗೆಯನ್ನು ಅಬ್ಬಾ ಅಟ್ಟಕ್ಕೆ ಹಾಕಿ, ಮಾಮು ಮನೆಯಿಂದ 30 ವ್ಯಾಟ್ ಆರ್‌ಎಂಎಸ್‌ನ ಹಳೆಯ ರಿಸೀವರ್ ತಂದರು. ಈಗ ಬೆಳಿಗ್ಗೆ ದಾದಿ ಅದರಲ್ಲೇ ಗಜಲ್ ಕೇಳುತ್ತಾರೆ. ಒಂದು ಅಕ್ಷರವೂ ಒಡೆಯುವುದಿಲ್ಲ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ