ಸೈಕಲ್ ಸೀಟು ಮೆತ್ತಗಿದ್ದರೆ ಸಾಕೆ?

ಮನೆಗೆ ಗೇರ್ ಸೈಕಲ್ ತರುವಾಗ ನಾವು ಏನೆಲ್ಲ ನೋಡುತ್ತೇವೆ? ಬಣ್ಣ, ಗೇರುಗಳ ಸಂಖ್ಯೆ, ಟಯರಿನ ದಪ್ಪ, ಕೊನೆಗೆ ಬೆಲೆ. ಸೀಟನ್ನು ಹೆಬ್ಬೆರಳಿನಿಂದ ಒತ್ತಿ "ಮೆತ್ತಗಿದೆ" ಎಂದರೆ ಅದರ ಪರೀಕ್ಷೆ ಮುಗಿಯಿತು. ಕೆಲವು ತಿಂಗಳಲ್ಲಿ ಆ ಸೈಕಲ್ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿರುತ್ತದೆ. ಕೇಳಿದರೆ ಮಕ್ಕಳು "ಬೇಜಾರಾಯಿತು" ಎನ್ನುತ್ತಾರೆ. ಅನೇಕ ಬಾರಿ ನಿಜವಾದ ಕಾರಣ ಕೂತಲ್ಲಿನ ನೋವು. ಹೆಣ್ಣು ಮಕ್ಕಳಂತೂ ನಾಚಿಕೆಯಿಂದ ಅದನ್ನು ಹೇಳುವುದೇ ಇಲ್ಲ. ತಾಯಂದಿರೇ ಕೇಳಿ ತಿಳಿಯಬೇಕು.

ದಪ್ಪ ಟಯರಿನ ಈ ಸೈಕಲ್ ಹುಟ್ಟಿದ್ದು ಗುಡ್ಡಗಾಡಿಗಾಗಿ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಯುವಕರು ಟಮಾಲ್ಪೈಸ್ ಬೆಟ್ಟದ ಮಣ್ಣುದಾರಿಯಲ್ಲಿ ಹಳೆಯ ಸೈಕಲ್‌ಗಳನ್ನು ಇಳಿಸುತ್ತಿದ್ದರು. 1996ರಲ್ಲಿ ಈ ಆಟ ಒಲಿಂಪಿಕ್ಸ್ ಸೇರಿತು. ಕಲ್ಲುದಾರಿಯಲ್ಲಿ ಸವಾರರು ಒಂದೇ ಕಡೆ ಕೂತಿರುವುದಿಲ್ಲ. ಏರಿನಲ್ಲಿ ಕೂತು ತುಳಿಯುತ್ತಾರೆ, ಇಳಿಜಾರಿನಲ್ಲಿ ಎದ್ದು ದೇಹವನ್ನು ಹಿಂದಕ್ಕೆ ಸರಿಸುತ್ತಾರೆ. ಆದ್ದರಿಂದ ಇದರ ಸೀಟು ತೀರಾ ಅಗಲವಾಗಿರದೆ, ಅಂಚುಗಳು ದುಂಡಗಿರಬೇಕು.

ಮೆತ್ತನೆಯ ಮೋಸ

ನಾವು ಕೂತಾಗ ಭಾರ ಹೊರುವುದು ಸೊಂಟದ ಬುಡದಲ್ಲಿರುವ ಎರಡು ಮೂಳೆಗಳು. ಸೀಟು ತೀರಾ ಮೆತ್ತಗಿದ್ದರೆ ಆ ಮೂಳೆಗಳು ಸ್ಪಂಜಿನೊಳಗೆ ಹೂತುಹೋಗುತ್ತವೆ. ನಡುವಿನ ಸ್ಪಂಜು ಮೇಲೆದ್ದು ನಾಜೂಕಾದ ಭಾಗವನ್ನು ಒತ್ತುತ್ತದೆ. ಅಲ್ಲಿನ ನರಗಳಿಗೂ ರಕ್ತನಾಳಗಳಿಗೂ ಒತ್ತಡ ಬಿದ್ದು ಜೋಮು ಹಿಡಿಯುತ್ತದೆ. ಅಂಗಡಿಗೆ ಹೋಗಿಬರಲು ಮೆತ್ತನೆಯ ಸೀಟು ನಡೆದೀತು. ಗಂಟೆಗಟ್ಟಲೆ ಓಡಿಸುವವರಿಗೆ ತುಸು ಗಟ್ಟಿಯಾದ, ಸರಿಯಾದ ಅಗಲದ ಸೀಟೇ ಹಿತ. ನಡುವೆ ತಗ್ಗು ಅಥವಾ ಸೀಳು ಇರುವ ಸೀಟು ಹಲವರಿಗೆ ಒಗ್ಗುತ್ತದೆ.

ಅಳತೆ ಮನೆಯಲ್ಲೇ

ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಮರದ ಸ್ಟೂಲಿನ ಮೇಲಿಡಿ. ತೆಳುವಾದ ಬಟ್ಟೆ ತೊಟ್ಟು, ಅದರ ಮೇಲೆ ಕೂತು, ಸ್ವಲ್ಪ ಮುಂದೆ ಬಾಗಿ, ಪಾದಗಳನ್ನು ನೆಲದಿಂದ ತುಸು ಎತ್ತಿ. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ಗುಳಿಗಳು ಕಾಣುತ್ತವೆ. ಅವುಗಳ ನಡುಬಿಂದುಗಳ ಅಂತರ ಅಳೆದು, ಎರಡರಿಂದ ಮೂರು ಸೆಂಟಿಮೀಟರ್ ಸೇರಿಸಿ. ಅಂತರ 11 ಸೆಂಟಿಮೀಟರ್ ಇದ್ದರೆ 13ರಿಂದ 14 ಸೆಂಟಿಮೀಟರ್ ಅಗಲದ ಸೀಟನ್ನು ಹುಡುಕಿ. ಸಾಮಾನ್ಯವಾಗಿ ಹೆಂಗಸರಲ್ಲಿ ಈ ಅಂತರ ಹೆಚ್ಚು. ಅಣ್ಣನಿಗೆ ಹಿತವಾದ ಸೀಟು ತಂಗಿಗೂ ಹಿತವಾಗಬೇಕೆಂದಿಲ್ಲ.

ಬದಲಿಸುವ ಮೊದಲು ಸರಿಪಡಿಸಿ

ಎಷ್ಟೋ ಬಾರಿ ಸೀಟು ಸರಿಯಾಗಿಯೇ ಇರುತ್ತದೆ, ಕೂರಿಸಿದ ರೀತಿ ತಪ್ಪಿರುತ್ತದೆ. ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾದರೆ ಎತ್ತರ ಸರಿಯಿದೆ. ತುಳಿಯುವಾಗ ಬೆರಳುಗಳ ಬುಡ ಪೆಡಲಿನ ಮೇಲೆ ಬರುವುದರಿಂದ ಮಂಡಿ ತುಸು ಬಾಗಿರುತ್ತದೆ. ಸೀಟು ತೀರಾ ಎತ್ತರವಿದ್ದರೆ ಸೊಂಟ ಎಡಬಲ ತೊನೆದು ತೊಡೆ ಉಜ್ಜುತ್ತದೆ. ಸೀಟನ್ನು ಮೊದಲು ನೆಲಕ್ಕೆ ಸಮವಾಗಿ ಇರಿಸಿ. ಮೂತಿ ಮೇಲಿದ್ದರೆ ನಾಜೂಕಾದ ಭಾಗ ಒತ್ತುತ್ತದೆ, ತೀರಾ ಕೆಳಗಿದ್ದರೆ ದೇಹ ಮುಂದೆ ಜಾರಿ ಅಂಗೈ ನೋಯುತ್ತದೆ. ಕಡಿದಾದ ಇಳಿಜಾರಿಗೆ ಮುನ್ನ ಸೀಟನ್ನು ಕೆಳಗಿಳಿಸಬೇಕು. ಸೀಟಿನ ಕೊಳವೆಯ ಮೇಲಿರುವ ಗಡಿಗೆರೆ ಕಾಣುವಷ್ಟು ಮಾತ್ರ ಎಂದೂ ಮೇಲೆತ್ತಬೇಡಿ. ಕೊಳವೆ ಮುರಿದು ಬೀಳುವ ಅಪಾಯವಿದೆ.

ಉಡುಪಿನತ್ತಲೂ ಗಮನವಿರಲಿ. ಕೂರುವ ಜಾಗದಲ್ಲಿ ದಪ್ಪ ಹೊಲಿಗೆ ಇದ್ದರೆ ಎಂಥ ಸೀಟಾದರೂ ಚುಚ್ಚುತ್ತದೆ. ಸೈಕಲ್ ಸವಾರಿಗೆಂದೇ ಇರುವ ಪ್ಯಾಡ್ ಚಡ್ಡಿಯನ್ನು ಸಡಿಲವಾದ ಸಲ್ವಾರಿನ ಒಳಗೆ ತೊಡಬಹುದು. ಆದರೆ ಉದ್ದನೆಯ ಮೇಲುಡುಪು ಎದ್ದು ಕೂರುವಾಗ ಸೀಟಿನ ಮೂತಿಗೆ ಸಿಕ್ಕಿಕೊಳ್ಳುತ್ತದೆ, ಕವಚವಿಲ್ಲದ ಚೈನಿಗೂ ಸಿಲುಕುತ್ತದೆ. ಮಂಡಿಯವರೆಗಿನ ಕುರ್ತಾ, ಕಣಕಾಲಲ್ಲಿ ಕಟ್ಟಿದ ಸಲ್ವಾರ್ ಮತ್ತು ಪಿನ್ ಮಾಡಿದ ದುಪಟ್ಟಾ ಸುರಕ್ಷಿತ.

ಹೊಸ ಸೀಟಿನಲ್ಲಿ ಒಂದೆರಡು ವಾರ ಮೂಳೆಯ ಭಾಗದಲ್ಲಿ ನೋವು ಸಹಜ. ಆದರೆ ಜೋಮು, ಹುಣ್ಣು, ಮೂತ್ರ ಮಾಡುವಾಗ ಉರಿ ಇವು ಸಹಿಸಿಕೊಳ್ಳುವ ನೋವಲ್ಲ. ಸವಾರಿ ನಿಲ್ಲಿಸಿ, ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಮುಂದಿನ ಬಾರಿ ಮಗಳು ಸೈಕಲಿಗೆ ಬೇಜಾರೆಂದಾಗ ಸೋಮಾರಿ ಎಂದು ಗದರುವ ಮೊದಲು "ಎಲ್ಲಿ ನೋಯುತ್ತದೆ?" ಎಂದು ಮೆಲ್ಲಗೆ ಕೇಳಿ. ಒಂದು ರಟ್ಟಿನ ತುಂಡು, ಒಂದು ಸ್ಪ್ಯಾನರ್‌ನಿಂದ ಪರಿಹಾರ ಸಿಕ್ಕೀತು.